ಸರ್ಕಾರಿ ಸೀಟೇ, ಮನೆ ಹತ್ತಿರದ ಖಾಸಗಿ ಕಾಲೇಜೇ, ಕಾಮೆಡ್‌ಕೆಯೇ? ಇಂಜಿನಿಯರಿಂಗ್ ಖರ್ಚು ಮತ್ತು ಸಾಲದ ಲೆಕ್ಕ

ಸೀಟು ಹಂಚಿಕೆಯ ದಿನಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. "ಹಾಸನದ ಸರ್ಕಾರಿ ಕಾಲೇಜಿನಲ್ಲಿ ಇಸಿ (ಎಲೆಕ್ಟ್ರಾನಿಕ್ಸ್) ಸಿಕ್ಕಿದೆ. ಊರಿನಿಂದ ಇಪ್ಪತ್ತು ಕಿಲೋಮೀಟರ್ ದೂರದ ಖಾಸಗಿ ಕಾಲೇಜಿನಲ್ಲಿ ಸಿಎಸ್ (ಕಂಪ್ಯೂಟರ್ ಸೈನ್ಸ್) ಸಿಗಬಹುದು. ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಬರೆದಿದ್ದರಿಂದ ಬೆಂಗಳೂರಿನ ಹೆಸರಾಂತ ಕಾಲೇಜೂ ಕೈಗೆಟಕುವಂತಿದೆ. ಸಾಲ ಮಾಡಬಹುದಾ? ಮಾಡಿದರೆ ಎಷ್ಟು?" ತೀರ್ಮಾನಿಸಲು ಇರುವುದು ಎರಡು ಮೂರು ದಿನ. ಆ ಗಡಿಬಿಡಿಯಲ್ಲಿ ಹೆಚ್ಚಿನ ಮನೆಗಳು ನೋಡುವುದು ಮೊದಲ ವರ್ಷದ ಶುಲ್ಕವನ್ನು ಮಾತ್ರ. ತಪ್ಪುವುದು ಅಲ್ಲೇ. ಊಟ, ವಸತಿ, ಓಡಾಟಗಳನ್ನು ಸೇರಿಸಿ ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ, ಅಗ್ಗ ಅಂದುಕೊಂಡ ಸೀಟು ಹಲವು ಬಾರಿ ಅಗ್ಗವಾಗಿ ಉಳಿಯುವುದಿಲ್ಲ. ದುಬಾರಿ ಅಂದುಕೊಂಡದ್ದೂ ಅಷ್ಟು ದುಬಾರಿ ಆಗಿರುವುದಿಲ್ಲ.

ಇಲ್ಲಿ ಕೊಟ್ಟಿರುವ ಶುಲ್ಕಗಳು 2025–26ರ ಆಸುಪಾಸಿನವು, ದುಂಡು ಅಂಕಿಗಳಲ್ಲಿವೆ. ಪ್ರತಿ ವರ್ಷ ಶೇ 7ರಿಂದ 10ರಷ್ಟು ಏರಬಹುದು ಎಂದು ಇಟ್ಟುಕೊಳ್ಳಿ. ನಿಮ್ಮ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚಿಕೆ ಪತ್ರದಲ್ಲಿ ನಮೂದಾಗಿರುವ ಮೊತ್ತವೇ ಅಂತಿಮ.

ಯಾವುದನ್ನು ಅಳೆಯಬೇಕು

ಮೊದಲನೆಯದು, ನಾಲ್ಕು ವರ್ಷದ ಒಟ್ಟು ಖರ್ಚು. ಶುಲ್ಕ, ಕಾಲೇಜಿನ ಇತರೆ ವಸೂಲಿ, ಹಾಸ್ಟೆಲ್ ಅಥವಾ ಪಿಜಿ, ಬಸ್ಸು, ಪುಸ್ತಕ, ಪರೀಕ್ಷಾ ಶುಲ್ಕ, ಪ್ರಾಜೆಕ್ಟ್, ಒಂದು ಲ್ಯಾಪ್‌ಟಾಪ್. ಇದರಿಂದ ಖಚಿತವಾಗಿ ಬರುವ ವಿದ್ಯಾರ್ಥಿವೇತನವನ್ನು ಕಳೆಯಿರಿ. "ಬರಬಹುದು" ಅನ್ನುವುದನ್ನು ಕಳೆಯಬೇಡಿ.

ಎರಡನೆಯದು, ಹಣ ಯಾವಾಗ ಬೇಕು ಎಂಬುದು. ಶುಲ್ಕವನ್ನು ಸೀಟು ಒಪ್ಪಿಕೊಂಡ ಕೂಡಲೇ ಕಟ್ಟಬೇಕು. ವಿದ್ಯಾರ್ಥಿವೇತನ ತಿಂಗಳುಗಳ ನಂತರ ಖಾತೆಗೆ ಬೀಳುತ್ತದೆ, ಕೆಲವೊಮ್ಮೆ ಮುಂದಿನ ವರ್ಷಕ್ಕೆ ಜಾರುತ್ತದೆ. ಬ್ಯಾಂಕ್ ಸಾಲ ಮಂಜೂರಾಗಲು 15ರಿಂದ 30 ದಿನ ಬೇಕು. ಕಾಗದದಲ್ಲಿ ಎಲ್ಲ ಸರಿಯಿದ್ದೂ ಕೈಯಲ್ಲಿ ದುಡ್ಡಿಲ್ಲದೆ ಸೀಟು ಬಿಡುವ ಕುಟುಂಬಗಳಿವೆ. ಇದು ಎಲ್ಲಕ್ಕಿಂತ ನೋವಿನ ಸಂಗತಿ, ಯಾಕೆಂದರೆ ಒಂದೆರಡು ತಿಂಗಳ ಮುಂಚೆ ತಯಾರಾಗಿದ್ದರೆ ತಪ್ಪಿಸಬಹುದಾಗಿತ್ತು.

ಮೂರನೆಯದು, ಮೊದಲ ಸಂಬಳದಲ್ಲಿ ಇಎಂಐಯ (ಸಾಲದ ತಿಂಗಳ ಕಂತಿನ) ಪಾಲು. ದೊಡ್ಡ ಐಟಿ ಸೇವಾ ಕಂಪನಿಗಳ ಸಾಮಾನ್ಯ ಪ್ರವೇಶದ ಪ್ಯಾಕೇಜ್ ವರ್ಷಗಳಿಂದ ವಾರ್ಷಿಕ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಕೈಗೆ ಬರುವುದು ತಿಂಗಳಿಗೆ ಇಪ್ಪತ್ತೈದು ಸಾವಿರದಷ್ಟು. ಬೆಂಗಳೂರಿನಲ್ಲಿ ಬದುಕಿಕೊಂಡು ಅದರಲ್ಲಿ ಏಳೆಂಟು ಸಾವಿರಕ್ಕಿಂತ ಹೆಚ್ಚು ಕಂತು ಕಟ್ಟುವುದು ಕಷ್ಟ. ಜಾಹೀರಾತಿನಲ್ಲಿ ಕಾಣುವ "ಗರಿಷ್ಠ ಪ್ಯಾಕೇಜ್" ಇಟ್ಟುಕೊಂಡು ಸಾಲದ ಲೆಕ್ಕ ಹಾಕಬಾರದು. ನಿಮ್ಮದೇ ಬ್ರಾಂಚಿನ ಮಧ್ಯದ ವಿದ್ಯಾರ್ಥಿಗೆ ಎಷ್ಟು ಸಿಕ್ಕಿದೆ ಎಂದು ಕೇಳಿ. ಕಾಲೇಜು ಹೇಳದಿದ್ದರೆ ಅಲ್ಲಿನ ಕೊನೆಯ ವರ್ಷದವರನ್ನು ಕೇಳಿ.

ನಾಲ್ಕನೆಯದು, ಎಡವಿದರೆ ಏನಾಗುತ್ತದೆ ಎಂಬುದು. ಇಯರ್ ಬ್ಯಾಕ್ ಆದರೆ, ಅಂದರೆ ಅದೇ ವರ್ಷವನ್ನು ಮತ್ತೆ ಓದಬೇಕಾದರೆ, ವಿದ್ಯಾರ್ಥಿವೇತನ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ, ವಸತಿ ಖರ್ಚಿಗೆ ಇನ್ನೊಂದು ವರ್ಷ ಸೇರುತ್ತದೆ. ಹನ್ನೆರಡು ಲಕ್ಷದ ಸೀಟಿನಲ್ಲಿ ಎಡವುವುದಕ್ಕೂ ಮೂರು ಲಕ್ಷದ ಸೀಟಿನಲ್ಲಿ ಎಡವುವುದಕ್ಕೂ ಅಜಗಜಾಂತರ.

ಸಾಲ ಒಂದು ಲಕ್ಷಕ್ಕೆ ಎಷ್ಟಾಗಿ ನಿಲ್ಲುತ್ತದೆ

ಕಾಲೇಜುಗಳನ್ನು ಹೋಲಿಸುವ ಮೊದಲು ಕೈಯಲ್ಲೊಂದು ಅಳತೆಗೋಲು ಇರಲಿ. ಶೈಕ್ಷಣಿಕ ಸಾಲಕ್ಕೆ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ, ಸರಳ ಬಡ್ಡಿಯಾಗಿ. ನಾಲ್ಕು ವರ್ಷವೂ ಸಮನಾಗಿ ಹಣ ಪಡೆದಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಮೊದಲ ವರ್ಷ ಪಡೆದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಟ್ಟು ಸೇರಿಸಿದರೆ, ತೆಗೆದುಕೊಂಡ ಪ್ರತಿ 1 ಲಕ್ಷ ಮರುಪಾವತಿ ಶುರುವಾಗುವ ದಿನಕ್ಕೆ 1.35 ಲಕ್ಷವಾಗಿ ನಿಂತಿರುತ್ತದೆ.

ಅಲ್ಲಿಂದ ಪ್ರತಿ ಲಕ್ಷದ ಸಾಲಕ್ಕೆ ತಿಂಗಳ ಕಂತು ಹೀಗೆ:

- 7 ವರ್ಷಕ್ಕೆ ಸುಮಾರು 2,240 ರೂ., ಒಟ್ಟು ಕಟ್ಟುವುದು 1.88 ಲಕ್ಷ
- 10 ವರ್ಷಕ್ಕೆ ಸುಮಾರು 1,785 ರೂ., ಒಟ್ಟು 2.14 ಲಕ್ಷ
- 15 ವರ್ಷಕ್ಕೆ ಸುಮಾರು 1,450 ರೂ., ಒಟ್ಟು 2.61 ಲಕ್ಷ

ಸರಾಸರಿ ಸಂಬಳದ ಹುಡುಗ ಅಥವಾ ಹುಡುಗಿಗೆ ತಿಂಗಳಿಗೆ 7,000–8,000 ತಡೆಯುತ್ತದೆ ಅಂದರೆ, 10 ವರ್ಷದ ಅವಧಿಗೆ ಸುಮಾರು 4 ಲಕ್ಷದ ಸಾಲ ಸುರಕ್ಷಿತ. ಅದಕ್ಕಿಂತ ಮೇಲೆ ಹೋಗುವ ಪ್ರತಿ ಲಕ್ಷಕ್ಕೂ ಬ್ರಾಂಚು, ಕಾಲೇಜು ಅಥವಾ ಮನೆಯ ಆದಾಯದಲ್ಲಿ ಗಟ್ಟಿ ಕಾರಣ ಇರಬೇಕು.

ಆಯ್ಕೆ 1: ಸರ್ಕಾರಿ ಮತ್ತು ಅನುದಾನಿತ ಸೀಟು

ಬೆಂಗಳೂರಿನ ಯುವಿಸಿಇ, ಎಸ್‌ಕೆಎಸ್‌ಜೆಟಿಐ, ಹಾಸನ, ಹಾವೇರಿ, ಕಾರವಾರ, ರಾಯಚೂರು, ಚಾಮರಾಜನಗರ, ಕುಶಾಲನಗರ ಮುಂತಾದ ಕಡೆಯ ಸರ್ಕಾರಿ ಕಾಲೇಜುಗಳಲ್ಲಿ ವರ್ಷಕ್ಕೆ 40–45 ಸಾವಿರದ ಆಸುಪಾಸು. ಯುವಿಸಿಇ 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದದ್ದು. ಈಗ ಸ್ವಾಯತ್ತ ವಿಶ್ವವಿದ್ಯಾಲಯದ ಸ್ಥಾನ ಪಡೆದಿದೆ. ಖರ್ಚಿಗೂ ಹೆಸರಿಗೂ ಇರುವ ಅನುಪಾತದಲ್ಲಿ ಅದಕ್ಕೆ ಸಾಟಿಯಾಗುವ ಸೀಟು ರಾಜ್ಯದಲ್ಲಿ ಕಡಿಮೆ.

ಬಹಳ ಮಂದಿ ಕಡೆಗಣಿಸುವುದು ಅನುದಾನಿತ ಸೀಟುಗಳನ್ನು. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್, ಹಾಸನದ ಮಲ್ನಾಡ್, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿಡಿಎ ಇಂತಹ ಹಳೆಯ ಕಾಲೇಜುಗಳಲ್ಲಿ ಕೆಲವು ಬ್ರಾಂಚುಗಳಿಗೆ ಮಾತ್ರ ಸರ್ಕಾರದ ಅನುದಾನವಿದೆ. ಆ ಬ್ರಾಂಚಿಗೆ ಶುಲ್ಕ ಹೆಚ್ಚುಕಡಿಮೆ ಸರ್ಕಾರಿ ದರದಲ್ಲಿರುತ್ತದೆ. ಅದೇ ಕಟ್ಟಡದ ಪಕ್ಕದ ಬ್ರಾಂಚಿಗೆ ಖಾಸಗಿ ದರ. ಅನುದಾನ ಇರುವುದು ಬಹುತೇಕ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇಸಿಯಂತಹ ಹಳೆಯ ಬ್ರಾಂಚುಗಳಿಗೆ. ಸಿಎಸ್ಸೇ ಬೇಕೆಂಬ ಹಠವಿಲ್ಲದವರಿಗೆ ಇದು ಚಿನ್ನದಂಥ ಸೀಟು: ಹಳೆಯ ಕಾಲೇಜಿನ ಹೆಸರು, ಅದೇ ಪ್ಲೇಸ್‌ಮೆಂಟ್ ಕೋಣೆ, ಅರ್ಧಕ್ಕಿಂತ ಕಡಿಮೆ ಶುಲ್ಕ. ಕೆಇಎ ಪಟ್ಟಿಯಲ್ಲಿ ಶುಲ್ಕದ ಅಂಕಣ ನೋಡಿದರೆ ಯಾವುದು ಅನುದಾನಿತ ಎಂದು ತಿಳಿಯುತ್ತದೆ. ಇದರ ಉಲ್ಟಾ ಎಚ್ಚರವೂ ಬೇಕು. ಕೆಲವು ವಿಶ್ವವಿದ್ಯಾಲಯ ಘಟಕ ಕಾಲೇಜುಗಳಲ್ಲಿ ಸ್ವಹಣಕಾಸಿನ ಸೀಟುಗಳಿವೆ. ಹೆಸರು ಸರ್ಕಾರದ್ದಾದರೂ ಶುಲ್ಕ ಖಾಸಗಿಯ ಹತ್ತಿರ ಇರುತ್ತದೆ.

ಈಗ ವಸತಿ. ಶುಲ್ಕ 45 ಸಾವಿರ, ಪಿಜಿ ತಿಂಗಳಿಗೆ 8,000ದಂತೆ ಹತ್ತು ತಿಂಗಳು 80 ಸಾವಿರ, ಪುಸ್ತಕ ಮತ್ತು ಓಡಾಟ 15 ಸಾವಿರ. ವರ್ಷಕ್ಕೆ 1.4 ಲಕ್ಷ, ನಾಲ್ಕು ವರ್ಷಕ್ಕೆ 5.6 ಲಕ್ಷ. ಇದರಲ್ಲಿ ಕಾಲೇಜಿಗೆ ಹೋದದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ. ಉಳಿದದ್ದೆಲ್ಲ ಊಟ, ಹಾಸಿಗೆ, ಬಸ್ಸು.

ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕಿದರೆ ಚಿತ್ರವೇ ಬೇರೆ. ಊಟ ವಸತಿ ಎರಡೂ ಉಚಿತ. ಮೇಲುಖರ್ಚು ಸೇರಿಸಿದರೂ ವರ್ಷಕ್ಕೆ 70 ಸಾವಿರ, ನಾಲ್ಕು ವರ್ಷಕ್ಕೆ 2.8 ಲಕ್ಷದೊಳಗೆ ಮುಗಿಯುತ್ತದೆ. ಹಾಸ್ಟೆಲಿನಲ್ಲಿ ಜಾಗ ಕಡಿಮೆ, ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಕಾಲೇಜು ಶುರುವಾದ ಮೇಲೆ ನೋಡೋಣ ಅಂದುಕೊಂಡವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ 2025–26ರ ಆಸುಪಾಸಿನಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ 15,000 ಬರುತ್ತಿತ್ತು. ಪಿಜಿ ಬಾಡಿಗೆಗೆ ಅದು ಸಾಲದು, ಆದರೆ ಎರಡು ತಿಂಗಳ ಹೊರೆ ಇಳಿಯುತ್ತದೆ.

ಆಯ್ಕೆ 2: ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾ

ಕೆಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕವೇ ಸಿಗುವ ಸೀಟು. ಶುಲ್ಕ 1.1 ಲಕ್ಷದ ಆಸುಪಾಸು, ಕಾಲೇಜಿನ ಬಗೆಯ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ಅದರ ಮೇಲೆ ತರಬೇತಿ, ಸಮವಸ್ತ್ರ, "ಕೌಶಲ ಪ್ರಯೋಗಾಲಯ" ಎಂದೆಲ್ಲ ಕೇಳುವುದು ಸೇರಿ ವರ್ಷಕ್ಕೆ 20 ಸಾವಿರ ಇಟ್ಟುಕೊಳ್ಳಿ. ಕೆಲವು ಕಡೆ ಇದು ಇನ್ನೂ ಜಾಸ್ತಿ. ಸೀಟು ಒಪ್ಪುವ ಮೊದಲು ಕಾಲೇಜಿನ ಲೆಕ್ಕವಿಭಾಗಕ್ಕೆ ಹೋಗಿ ಅಥವಾ ಫೋನ್ ಮಾಡಿ, ನಾಲ್ಕೂ ವರ್ಷದ ಶುಲ್ಕದ ವಿವರವನ್ನು ಕಾಲೇಜಿನ ಲೆಟರ್‌ಹೆಡ್ ಮೇಲೆ ಕೇಳಿ. ಬ್ಯಾಂಕಿಗೂ ಅದೇ ಕಾಗದ ಬೇಕು. ಅದರಲ್ಲಿ ಬರೆಯದ ಬಾಬ್ತಿಗೆ ಬ್ಯಾಂಕು ಹಣ ಬಿಡುವುದಿಲ್ಲ.

ಮನೆಯಿಂದ ಓಡಾಡಿದರೆ: 1.1 ಲಕ್ಷ, 20 ಸಾವಿರ, 15 ಸಾವಿರ. ವರ್ಷಕ್ಕೆ 1.45 ಲಕ್ಷ, ನಾಲ್ಕು ವರ್ಷಕ್ಕೆ 5.8 ಲಕ್ಷ. ಮೇಲಿನ ಲೆಕ್ಕ ನೆನಪಿದೆಯಲ್ಲ? ದೂರದ ಸರ್ಕಾರಿ ಕಾಲೇಜು ಮತ್ತು ಪಿಜಿ ಸೇರಿ 5.6 ಲಕ್ಷ. ಎರಡರ ನಡುವಿನ ಅಂತರ ವರ್ಷಕ್ಕೆ ಐದು ಸಾವಿರ. ಶುಲ್ಕ ಮಾತ್ರ ನೋಡಿದರೆ ಎರಡೂವರೆ ಪಟ್ಟು ದುಬಾರಿ ಕಾಣುವ ಸೀಟು, ಮನೆಯೂಟ ಸೇರಿಸಿದ ಕೂಡಲೇ ಸರಿಸಮ ಆಗಿಬಿಡುತ್ತದೆ. ಇಂಥ ಸಂದರ್ಭದಲ್ಲಿ ತೀರ್ಮಾನವನ್ನು ಹಣಕ್ಕೆ ಬಿಡದೆ ಬ್ರಾಂಚು ಮತ್ತು ಬೋಧನೆಗೆ ಬಿಡಬಹುದು.

ಹೆಣ್ಣುಮಕ್ಕಳಿಗೆ ಇನ್ನೂ ಒಂದು ಅನುಕೂಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ನಲವತ್ತು ಕಿಲೋಮೀಟರ್ ದೂರದ ಕಾಲೇಜೂ "ಮನೆಯಿಂದ ಓಡಾಡುವ" ವ್ಯಾಪ್ತಿಗೆ ಬರುತ್ತದೆ. ಕಾಲೇಜು ಬಸ್ಸಿಗೆ ವರ್ಷಕ್ಕೆ ಹತ್ತಾರು ಸಾವಿರ ಕಟ್ಟುವ ಬದಲು ಸಾರಿಗೆ ಬಸ್ಸಿನ ವೇಳಾಪಟ್ಟಿಯನ್ನು ಮೊದಲು ನೋಡಿ. ಬೆಳಗಿನ ಒಂದೇ ಬಸ್ಸನ್ನು ನಂಬಿದ ಮಾರ್ಗವಾದರೆ ಹಾಜರಾತಿ ಹೊಡೆತ ತಿನ್ನುತ್ತದೆ, ಅದನ್ನೂ ತೂಗಿ. ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆಯುವವರು ಮೂರನೇ ಸೆಮಿಸ್ಟರ್ ಹೊತ್ತಿಗೆ ಸೋಲುತ್ತಾರೆ.

ದೂರದ ಊರಿನ ಖಾಸಗಿ ಕಾಲೇಜು ಮತ್ತು ಪಿಜಿ, ಎರಡೂ ಸೇರಿದರೆ ವರ್ಷಕ್ಕೆ 2.25 ಲಕ್ಷ, ಒಟ್ಟು 9 ಲಕ್ಷ. ಸಾಧಾರಣ ಕಾಲೇಜಿಗೆ ಇಷ್ಟು ಸುರಿಯುವುದು ಸರಿಯಲ್ಲ. ಎಲ್ಲ ಆಯ್ಕೆಗಳಲ್ಲಿ ಕುಟುಂಬಗಳು ಹೆಚ್ಚಾಗಿ ಪಶ್ಚಾತ್ತಾಪ ಪಡುವುದು ಇದಕ್ಕೇ: ಹೆಸರೂ ಇಲ್ಲ, ಅಗ್ಗವೂ ಅಲ್ಲ.

ಇದೇ ಗುಂಪಿನಲ್ಲಿ ಎಸ್‌ಎನ್‌ಕ್ಯೂ ಸೀಟು ಇದೆ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇದ್ದರೆ ಬೋಧನಾ ಶುಲ್ಕ ಮನ್ನಾ, ಉಳಿದ ಶುಲ್ಕ ಕಟ್ಟಬೇಕು. ಜಾತಿಯ ಮಿತಿ ಇಲ್ಲ, ಸಾಮಾನ್ಯ ವರ್ಗದವರಿಗೂ ಸಿಗುತ್ತದೆ. ಆದರೆ ಕೆಸಿಇಟಿ ಅರ್ಜಿಯಲ್ಲೇ ಆದಾಯದ ವಿವರ ಕೊಟ್ಟು ಹಕ್ಕು ಕೇಳಿರಬೇಕು, ಆಮೇಲೆ ಕೇಳಿದರೆ ಆಗದು. ಮತ್ತೊಂದು ಷರತ್ತು: ಈ ಮನ್ನಾ ಪಡೆದವರು ಮಧ್ಯದಲ್ಲಿ ಕಾಲೇಜು ಅಥವಾ ಬ್ರಾಂಚು ಬದಲಿಸುವಂತಿಲ್ಲ.

ಆಯ್ಕೆ 3: ಕಾಮೆಡ್‌ಕೆ

ಶುಲ್ಕ ಎರಡು ಬಗೆ. ಸುಮಾರು 2 ಲಕ್ಷ, ಇಲ್ಲವೇ ಸುಮಾರು 2.8 ಲಕ್ಷ. ಹೆಸರಾಂತ ಕಾಲೇಜುಗಳು ಬಹುತೇಕ ಎರಡನೆಯ ಗುಂಪಿನಲ್ಲಿವೆ. ಶುಲ್ಕವೊಂದೇ ನಾಲ್ಕು ವರ್ಷಕ್ಕೆ 11.2 ಲಕ್ಷ. ಪಿಜಿ, ಪುಸ್ತಕ ಸೇರಿದರೆ 15 ಲಕ್ಷ.

ಶುಲ್ಕದಷ್ಟನ್ನು ಪೂರ್ತಿ ಸಾಲದಲ್ಲಿ ಕಟ್ಟಿದರೆ ಮರುಪಾವತಿಯ ದಿನ 15.1 ಲಕ್ಷ ನಿಂತಿರುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು 20 ಸಾವಿರ, ಒಟ್ಟು ಕಟ್ಟುವುದು 24 ಲಕ್ಷ. ಮೂರೂವರೆ ಲಕ್ಷದ ಪ್ಯಾಕೇಜಿನಲ್ಲಿ ಇದು ಸಾಧ್ಯವೇ ಇಲ್ಲ. ಏಳೆಂಟು ಲಕ್ಷದ ಪ್ಯಾಕೇಜಿನಲ್ಲಿ ಉಸಿರಾಡಬಹುದು. ಹೀಗಾಗಿ ಈ ಆಯ್ಕೆ ನಿಲ್ಲುವುದು ಎರಡು ಕಡೆ ಮಾತ್ರ: ಮನೆಯವರು ಕನಿಷ್ಠ ಅರ್ಧವನ್ನು ಕೈಯಿಂದ ಕಟ್ಟಬಲ್ಲರು ಅನ್ನುವಾಗ, ಅಥವಾ ಆ ಕಾಲೇಜಿನ ಆ ಬ್ರಾಂಚಿನಲ್ಲಿ ಮಧ್ಯದ ವಿದ್ಯಾರ್ಥಿಗೇ ಏಳೆಂಟು ಲಕ್ಷ ಸಿಕ್ಕ ದಾಖಲೆ ಇರುವಾಗ. ಸಾಧಾರಣ ಕಾಲೇಜಿಗೆ ಕಾಮೆಡ್‌ಕೆ ಶುಲ್ಕ ಕೊಡುವುದಕ್ಕಿಂತ ಕೆಸಿಇಟಿಯಲ್ಲಿ ಒಂದು ಮೆಟ್ಟಿಲು ಕೆಳಗಿನ ಕಾಲೇಜು ಒಪ್ಪುವುದು ಮೇಲು.

7.5 ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಕೃಷಿ ಜಮೀನನ್ನು ಇದಕ್ಕೆ ಒಪ್ಪುವ ಶಾಖೆ ಅಪರೂಪ. ನಿವೇಶನ, ಮನೆ, ಠೇವಣಿ ಬೇಕಾಗುತ್ತದೆ. ಜಮೀನಿದೆ, ಸಾಲ ಸಿಗುತ್ತದೆ ಎಂದು ನಂಬಿ ಸೀಟು ಒಪ್ಪಿದ ರೈತ ಕುಟುಂಬಗಳು ಎಡವುವುದು ಇಲ್ಲಿ. ಕೊನೆಗೆ ನೂರಕ್ಕೆ ತಿಂಗಳಿಗೆ ಎರಡು ಮೂರು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಹೋಗುತ್ತಾರೆ. ವರ್ಷಕ್ಕೆ ಶೇ 24ರಿಂದ 36. ಆ ಬಡ್ಡಿಯಲ್ಲಿ ಯಾವ ಕಾಲೇಜೂ ಲಾಭದ್ದಲ್ಲ.

ಮ್ಯಾನೇಜ್‌ಮೆಂಟ್ ಕೋಟಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಸರ್ಕಾರದ ಬಡ್ಡಿ ನೆರವು ಸಿಗದು. ಸಾಲ ಮಾಡಿ ಆ ಸೀಟು ಕೊಳ್ಳಬೇಡಿ.

ಆಯ್ಕೆ 4: ಎನ್‌ಐಟಿ, ಐಐಟಿ

ಜೆಇಇ ಬರೆದಿದ್ದರೆ ಇದನ್ನು ಪಟ್ಟಿಯಿಂದ ತೆಗೆಯುವ ಮೊದಲು ಒಮ್ಮೆ ಲೆಕ್ಕ ಹಾಕಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರಿಗೆ ಮೀಸಲು. ಬೋಧನಾ ಶುಲ್ಕ ವರ್ಷಕ್ಕೆ 1.25 ಲಕ್ಷ, ಐಐಟಿಗಳಲ್ಲಿ 2 ಲಕ್ಷ. ಆದರೆ ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮನ್ನಾ. ಯಾವುದೇ ವರ್ಗದವರಾಗಲಿ, ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಪೂರ್ತಿ ಮನ್ನಾ, 1ರಿಂದ 5 ಲಕ್ಷದೊಳಗಿದ್ದರೆ ಮೂರನೇ ಎರಡು ಪಾಲು ಮನ್ನಾ. ಅಂದರೆ 4 ಲಕ್ಷ ಆದಾಯದ ಮನೆಯ ಹುಡುಗಿ ಎನ್‌ಐಟಿಯಲ್ಲಿ ಕಟ್ಟುವ ಬೋಧನಾ ಶುಲ್ಕ 42 ಸಾವಿರದಷ್ಟು, ರಾಜ್ಯದ ಸರ್ಕಾರಿ ಕಾಲೇಜಿನ ಮಟ್ಟ. ಹಾಸ್ಟೆಲ್, ಮೆಸ್ ಬೇರೆ. ಈ ಮನ್ನಾ ಗೊತ್ತಿಲ್ಲದೆ "ಅದೆಲ್ಲ ನಮಗಲ್ಲ" ಎಂದು ಕೌನ್ಸೆಲಿಂಗ್‌ಗೇ ಹೋಗದವರಿದ್ದಾರೆ.

ಆಯ್ಕೆ 5: ಡಿಪ್ಲೊಮಾ ದಾರಿ, ಪದವಿ ದಾರಿ

ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ಮನೆಯಲ್ಲಿದ್ದರೆ ಸರ್ಕಾರಿ ಪಾಲಿಟೆಕ್ನಿಕ್ ಬಗ್ಗೆ ಯೋಚಿಸಿ. ವರ್ಷಕ್ಕೆ ಕೆಲವೇ ಸಾವಿರ ಶುಲ್ಕ, ಮೂರು ವರ್ಷ, ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗ್. ಪಿಯುಸಿಯ ಕೋಚಿಂಗ್ ಖರ್ಚೂ ಉಳಿಯುತ್ತದೆ, ಬಿಇಯ ಒಂದು ವರ್ಷದ ಶುಲ್ಕವೂ ಉಳಿಯುತ್ತದೆ. ಗಣಿತದಲ್ಲಿ ಹಿಂದೆ ಬಿದ್ದರೆ ಎರಡನೇ ವರ್ಷದಲ್ಲಿ ಒದ್ದಾಡಬೇಕಾಗುತ್ತದೆ, ಇದೇ ಅದರ ದೊಡ್ಡ ಕೊರತೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ ಅಥವಾ ಬಿಸಿಎ, ಆಮೇಲೆ ಪಿಜಿಸಿಇಟಿ (ಸ್ನಾತಕೋತ್ತರ ಸಿಇಟಿ) ಮೂಲಕ ಎಂಸಿಎ ಇನ್ನೊಂದು ದಾರಿ. 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ ಒಟ್ಟು ಐದು ವರ್ಷ. ಸಾಲವಿಲ್ಲದೆ ಮುಗಿಸಬಹುದಾದ ದಾರಿ ಬೇಕೆಂದರೆ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ.

ಯಾವ ಸಾಲ, ಯಾವ ಕ್ರಮದಲ್ಲಿ

ಮೊದಲು ಸಾಲವಲ್ಲದ ಹಣ. ಪರಿಶಿಷ್ಟ ಜಾತಿ, ಪಂಗಡದ 2.5 ಲಕ್ಷದೊಳಗಿನ ಆದಾಯದವರ ಶುಲ್ಕವನ್ನು ಪೋಸ್ಟ್ ಮೆಟ್ರಿಕ್ ಯೋಜನೆ ಭರಿಸುತ್ತದೆ. ರೈತ ವಿದ್ಯಾನಿಧಿಯಲ್ಲಿ ವೃತ್ತಿಪರ ಕೋರ್ಸಿಗೆ ಹುಡುಗರಿಗೆ 10,000, ಹುಡುಗಿಯರಿಗೆ 11,000. ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹುಡುಗಿಯರಿಗೆ ವರ್ಷಕ್ಕೆ 50,000, ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರವರೆಗೆ. ಹತ್ತು ಮತ್ತು ಹನ್ನೆರಡನ್ನು ಸರ್ಕಾರಿ ಶಾಲೆ ಕಾಲೇಜಿನಲ್ಲೇ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000. ಪ್ರಗತಿ ಒಂದು ಸಿಕ್ಕರೂ ಸರ್ಕಾರಿ ಕಾಲೇಜಿನ ಶುಲ್ಕ ಪೂರ್ತಿ ಮುಗಿದುಹೋಗುತ್ತದೆ.

ಇವುಗಳಲ್ಲಿ ಬಹುತೇಕ ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಎರಡು ಮೂರು ಖಾತೆ ಇದ್ದರೆ, ಕೊನೆಗೆ ಎನ್‌ಪಿಸಿಐಯಲ್ಲಿ (ರಾಷ್ಟ್ರೀಯ ಪಾವತಿ ನಿಗಮ) ಜೋಡಣೆಯಾದ ಖಾತೆಗೇ ಬೀಳುವುದು. ಪಿಯುಸಿಯಲ್ಲಿ ತೆರೆದು ಮರೆತ ಖಾತೆ ನಿಷ್ಕ್ರಿಯವಾಗಿದ್ದರೆ ಹಣ ವಾಪಸು ಹೋಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಇನಿಷಿಯಲ್ ಒಂದೇ ತರಹ ಇರಬೇಕು. ಅರ್ಜಿ ತಿರಸ್ಕಾರಕ್ಕೆ ಇಂಥ ಸಣ್ಣ ವ್ಯತ್ಯಾಸವೇ ಸಾಕು.

ಆಮೇಲೆ ನಿಗಮದ ಅರಿವು ಸಾಲ. ಅಲ್ಪಸಂಖ್ಯಾತರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ಹಿಂದುಳಿದ ವರ್ಗದವರಿಗೆ ಡಿ. ದೇವರಾಜ ಅರಸು ನಿಗಮ. ಬಡ್ಡಿ ಅಥವಾ ಸೇವಾಶುಲ್ಕ ಶೇ 2 ಮಾತ್ರ. ಸಿಇಟಿ ಮೂಲಕ ಸೀಟು ಪಡೆದಿರಬೇಕು, ಪ್ರತಿ ವರ್ಷ ಪಾಸಾಗಿ ನವೀಕರಿಸಬೇಕು. ಶೇ 10ರ ಬದಲು ಶೇ 2 ಅಂದರೆ, 4 ಲಕ್ಷಕ್ಕೆ ಮರುಪಾವತಿ ಶುರುವಾಗುವವರೆಗಿನ ಬಡ್ಡಿ 1.4 ಲಕ್ಷದಿಂದ 28 ಸಾವಿರಕ್ಕೆ ಇಳಿಯುತ್ತದೆ. ಎಲ್ಲರಿಗೂ ಸಿಗುವಷ್ಟು ಅನುದಾನ ಇರುವುದಿಲ್ಲ, ಅದರಿಂದ ಇದನ್ನೊಂದೇ ನಂಬಿ ಕೂರಬಾರದು.

ಮೂರನೆಯದು, ಬಡ್ಡಿ ನೆರವಿರುವ ಬ್ಯಾಂಕ್ ಸಾಲ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಅರ್ಹ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದಿನ ಅವಧಿ ಮತ್ತು ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಪೂರ್ತಿ ಭರಿಸುತ್ತದೆ, 10 ಲಕ್ಷದ ಸಾಲದವರೆಗೆ. 4 ಲಕ್ಷ ಸಾಲ ಮಾಡಿದವರಿಗೆ ಮರುಪಾವತಿಯ ದಿನ 5.4 ಲಕ್ಷದ ಬದಲು 4 ಲಕ್ಷವೇ ನಿಂತಿರುತ್ತದೆ, ಹತ್ತು ವರ್ಷದ ಕಂತು 7,140ರ ಬದಲು 5,290. ಕೊನೆಗೆ ಉಳಿಯುವುದು 2.2 ಲಕ್ಷ. ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯೇ ಎಂದು ಸೀಟು ಒಪ್ಪುವ ಮೊದಲೇ ನೋಡಿ. ಮಾನ್ಯತೆ ಇಲ್ಲದ ಹೊಸ ಕಾಲೇಜಿನಲ್ಲಿ ಈ ನೆರವು ಕೈತಪ್ಪುತ್ತದೆ. ಮಧ್ಯದಲ್ಲಿ ಓದು ಬಿಟ್ಟರೂ ತಪ್ಪುತ್ತದೆ. ಜೀವನದಲ್ಲಿ ಒಮ್ಮೆ ಮಾತ್ರ ಸಿಗುವುದರಿಂದ, ಬಿಇಗೆ ಬಳಸಿದವರಿಗೆ ಎಂಟೆಕ್‌ಗೆ ಇರುವುದಿಲ್ಲ.

ಆದಾಯ 4.5ರಿಂದ 8 ಲಕ್ಷದೊಳಗಿದ್ದರೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ನೋಡಿ. ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಅಡಮಾನ, ಜಾಮೀನುದಾರರಿಲ್ಲದ ಸಾಲ. 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಶೇ 3ರಷ್ಟು ಬಡ್ಡಿ ನೆರವು, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ, ಸರ್ಕಾರಿ ಸಂಸ್ಥೆಯವರಿಗೆ ಆದ್ಯತೆ. 4 ಲಕ್ಷದ ಸಾಲಕ್ಕೆ 42 ಸಾವಿರ ಉಳಿಯುತ್ತದೆ.

ಕೊನೆಯದು ಯಾವ ನೆರವೂ ಇಲ್ಲದ ಸಾಲ. ಆಗ ಓದುವಾಗಲೇ ಬಡ್ಡಿ ಕಟ್ಟುವುದು ಜಾಣತನ. ವರ್ಷಕ್ಕೆ ಒಂದು ಲಕ್ಷ ಪಡೆಯುವವರಿಗೆ ಮೊದಲ ವರ್ಷ ತಿಂಗಳಿಗೆ 833 ರೂ., ಎರಡನೇ ವರ್ಷ 1,667, ಮೂರನೆಯದರಲ್ಲಿ 2,500, ಆಮೇಲೆ 3,333. ಹೀಗೆ ಕಟ್ಟಿದರೆ ಒಟ್ಟಿನಲ್ಲಿ 80 ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ಕೆಲವು ಬ್ಯಾಂಕುಗಳು ಹೀಗೆ ಕಟ್ಟಿದವರಿಗೆ ದರದಲ್ಲೂ ಶೇ 1ರಷ್ಟು ಇಳಿಸುತ್ತವೆ. ಹುಡುಗಿಯರಿಗೆ ಅರ್ಧ ಶೇಕಡಾ ರಿಯಾಯಿತಿ ಇದೆಯೇ ಎಂದೂ ಕೇಳಿ. ಬ್ಯಾಂಕೇತರ ಹಣಕಾಸು ಕಂಪನಿಗಳು ಬೇಗ ಕೊಡುತ್ತವೆ, ಆದರೆ ಬಡ್ಡಿ ಹೆಚ್ಚು, ಓದುವಾಗಲೇ ಕಂತು ಶುರುವಾಗಬಹುದು.

ಬ್ಯಾಂಕಿನಲ್ಲಿ ಎಲ್ಲಿ ಸಿಕ್ಕಿಬೀಳುತ್ತದೆ

ತಂದೆ ಅಥವಾ ತಾಯಿ ಸಹಸಾಲಗಾರರಾಗುವುದರಿಂದ ಅವರ ಸಿಬಿಲ್ (ಹಳೆಯ ಸಾಲ ತೀರಿಸಿದ ದಾಖಲೆ) ನೋಡುತ್ತಾರೆ. ಕಟ್ಟಲು ಬಾಕಿ ಉಳಿದ ಬೈಕ್ ಸಾಲ, ಸುಸ್ತಿಯಾದ ಬೆಳೆಸಾಲ ಇದ್ದರೆ ಅರ್ಜಿ ನಿಲ್ಲುತ್ತದೆ. ಮಾರ್ಚ್ ತಿಂಗಳಲ್ಲೇ ವರದಿ ತೆಗೆಸಿ, ತಪ್ಪಿದ್ದರೆ ಸರಿಪಡಿಸಿ, ಇಲ್ಲವೇ ದಾಖಲೆ ಚೆನ್ನಾಗಿರುವ ಮತ್ತೊಬ್ಬ ಪೋಷಕರನ್ನು ಸಹಸಾಲಗಾರರನ್ನಾಗಿ ಮಾಡಿ. "ನಿಮ್ಮ ಊರು ನಮ್ಮ ಸೇವಾವ್ಯಾಪ್ತಿಗೆ ಬರುವುದಿಲ್ಲ" ಎಂದು ಶೈಕ್ಷಣಿಕ ಸಾಲ ನಿರಾಕರಿಸುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ಸ್ಪಷ್ಟ ಸೂಚನೆ. ಹಾಗೆ ಹೇಳಿದರೆ ನಿರಾಕರಣೆಯನ್ನು ಬರಹದಲ್ಲಿ ಕೇಳಿ. ಮಾತಿನ ದನಿ ಅಲ್ಲೇ ಬದಲಾಗುತ್ತದೆ.

4 ಲಕ್ಷದವರೆಗೆ ನಿಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ, ಅದರ ಮೇಲೆ ಶೇ 5. ಹಾಸ್ಟೆಲ್, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್ ಕೂಡ ಸಾಲದಲ್ಲಿ ಸೇರುತ್ತವೆ, ಅರ್ಜಿಯಲ್ಲೇ ಬರೆದಿದ್ದರೆ. ಮಂಜೂರಾದಷ್ಟನ್ನೂ ತೆಗೆಯಬೇಕೆಂದಿಲ್ಲ. ವಿದ್ಯಾರ್ಥಿವೇತನ ಬಂದ ವರ್ಷ ಕಡಿಮೆ ಬಿಡುಗಡೆ ಮಾಡಿಸಿ.

ಬಡ್ಡಿ ನೆರವಿನ ಆದಾಯ ಪ್ರಮಾಣಪತ್ರವನ್ನು ಶಾಖೆಗೆ ಕೊಟ್ಟು ಸ್ವೀಕೃತಿ ಮೊಹರು ಪಡೆಯಿರಿ. ಶಾಖೆ ಬೇಡಿಕೆ ಕಳಿಸದೆ ಹೋದರೆ ನೆರವು ಬರುವುದಿಲ್ಲ, ಅದು ಗೊತ್ತಾಗುವುದು ನಾಲ್ಕು ವರ್ಷದ ನಂತರ. ವರ್ಷಕ್ಕೊಮ್ಮೆ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆದು ನೆರವು ಜಮಾ ಆಗಿದೆಯೇ ನೋಡಿ.

ಆಯ್ಕೆ ನಮೂದಿಸುವಾಗ

ಕೆಇಎ ನಿಮ್ಮ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ನೋಡುತ್ತಾ, ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಟ್ಟು ನಿಲ್ಲುತ್ತದೆ. ಖಾಸಗಿ ಸೀಟನ್ನು ಮೇಲೆ, ಅನುದಾನಿತ ಸೀಟನ್ನು ಕೆಳಗೆ ಬರೆದಿದ್ದರೆ ಕೆಳಗಿನದು ಸಿಗುತ್ತಿತ್ತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಅದರಿಂದ ಪ್ರತಿ ಸಾಲಿನ ಪಕ್ಕ ನಾಲ್ಕು ವರ್ಷದ ಒಟ್ಟು ಖರ್ಚು ಬರೆದು, ಆಮೇಲೆ ಕ್ರಮ ಹಾಕಿ. ಅಣಕು ಹಂಚಿಕೆ ಬಂದ ದಿನವೇ ಸಿಗಬಹುದಾದ ಎರಡು ಮೂರು ಕಾಲೇಜಿನ ಶುಲ್ಕದ ಪತ್ರ ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಮಾತನಾಡಿಬಿಡಿ.

ಹಂಚಿಕೆ ಬಂದ ಮೇಲೆ, ಲೆಕ್ಕಕ್ಕೆ ಕೂಡಿಬರುವ ಸೀಟಾದರೆ ಚಾಯ್ಸ್ 1 ಒತ್ತಿ ಶುಲ್ಕ ಕಟ್ಟಿ. ಸೀಟು ಪರವಾಗಿಲ್ಲ, ಮೇಲಿನದಕ್ಕೂ ಆಸೆ ಇದೆ ಅಂದರೆ ಚಾಯ್ಸ್ 2. ಚಾಯ್ಸ್ 3 ಒತ್ತಿದರೆ ಕೈಯಲ್ಲಿರುವ ಸೀಟು ಹೋಗುತ್ತದೆ, ಮುಂದಿನ ಸುತ್ತಿನಲ್ಲಿ ಏನೂ ಸಿಗದಿರಬಹುದು. ಅಗ್ಗದ ಸರ್ಕಾರಿ ಸೀಟು ಕೈಯಲ್ಲಿರುವಾಗ ಅದನ್ನು ಒತ್ತಬೇಡಿ. ಸಾಲದ ಹಣ ಬರುವ ಮುಂಚೆ ಶುಲ್ಕ ಕಟ್ಟಬೇಕಾದರೆ ಒಂದೆರಡು ತಿಂಗಳಿಗೆ ಬ್ಯಾಂಕಿನಲ್ಲಿ ಚಿನ್ನ ಇಡುವುದು ಕೈಸಾಲಕ್ಕಿಂತ ಎಷ್ಟೋ ಮೇಲು. ನೀವೇ ಕಟ್ಟಿದ ಮೊದಲ ವರ್ಷದ ಶುಲ್ಕವನ್ನು ಆಮೇಲೆ ಸಾಲದಿಂದ ಮರಳಿ ಕೊಡಲು ಸಾಧ್ಯವೇ ಎಂದು ಶಾಖೆಯಲ್ಲಿ ಮೊದಲೇ ಕೇಳಿ, ರಸೀದಿಯ ಮೂಲ ಪ್ರತಿಯನ್ನು ಜೋಪಾನವಾಗಿಡಿ.